ಮುಖಪುಟದ ಕೊರಮೀನು

ಅಜ್ಜಂಪುರದಲ್ಲಿ ಯಾರಿಗೂ ತಮ್ಮ ಮುಖ ಇದ್ದ ಹಾಗೆ ಬೇಕಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟು ಹನ್ನೊಂದು ವರ್ಷ ಕಳೆದಿರುವ ವೇಣುವಿಗೆ ಇದು ಚೆನ್ನಾಗಿ ಗೊತ್ತು. ಹುಟ್ಟುಹಬ್ಬದ ಬ್ಯಾನರಿನ ಮುಖಂಡನಿಗೆ ಕಣ್ಣಿನ ಕೆಳಗಿನ ಚೀಲ ಹೋಗಬೇಕು, ಗೃಹಪ್ರವೇಶದ ಯಜಮಾನನಿಗೆ ಬೋಳುತಲೆ ಒಂದಿಷ್ಟು ತುಂಬಬೇಕು, ತೀರಿಕೊಂಡ ಅಜ್ಜಿಗೂ ಕೆನ್ನೆಯ ಮೇಲಿನ ಮಚ್ಚೆ ಬೇಡ. ಬಂದವರು ಬಾಯಿಬಿಟ್ಟು ಕೇಳುವ ಮೊದಲೇ ವೇಣುವಿನ ಬೆರಳು ಮೌಸಿನ ಮೇಲೆ ಓಡಾಡಿ ಕೆಲಸ ಮುಗಿಸಿರುತ್ತದೆ. ಅಳುಮುಖದ ಮದುಮಗಳ ತುಟಿಯ ಎರಡು ಕೊನೆಗಳನ್ನು ಕೂದಲೆಳೆಯಷ್ಟು ಮೇಲಕ್ಕೆಳೆದರೆ ಸಾಕು, ಮನಸಾರೆ ಒಪ್ಪಿ ಮದುವೆಯಾದವಳಂತೆ ಕಾಣುತ್ತಾಳೆ. ಇದರಿಂದ ಯಾರಿಗಾದರೂ ಕೆಡುಕಾದದ್ದನ್ನು ಅವನು ನೋಡಿರಲಿಲ್ಲ. ಅದು ಅವನಿಗೆ ಕೈಯ ಅಭ್ಯಾಸ ಅಷ್ಟೆ.

ಫ್ಲೆಕ್ಸಿನ ಮೂಲೆಯಲ್ಲಿ ಇರುವೆಗಾತ್ರದಲ್ಲಿ ಅವನ ಅಂಗಡಿಯ ಹೆಸರು, ಮೊಬೈಲ್ ನಂಬರು ಇರುತ್ತಿದ್ದವು. ವಾರ ಕಳೆದರೆ ಆ ಫ್ಲೆಕ್ಸು ಯಾರದೋ ಕೊಟ್ಟಿಗೆಯ ಮೇಲೆ ಹೊದಿಕೆಯಾಗಿರುತ್ತಿತ್ತು. ತನ್ನದು ಎಂದು ಹೇಳಿಕೊಳ್ಳುವ ಒಂದು ಕೆಲಸ ಇರಲಿ ಎಂದು ಎರಡು ವರ್ಷದ ಕೆಳಗೆ ಅವನು ‘ಬೆಂಡು’ ಶುರುಮಾಡಿದ. ಗಾಳದ ನೂಲಿಗೆ ಕಟ್ಟಿ ನೀರಿನ ಮೇಲೆ ತೇಲಿಬಿಡುತ್ತಾರಲ್ಲ, ಆ ಬೆಂಡು. ಅದು ಮುಳುಗಿತೆಂದರೆ ಮೀನು ಕಚ್ಚಿತೆಂದು ಅರ್ಥ. ಗಾಳದ ಹುಚ್ಚು ಹಿಡಿದವರಿಗೆಂದೇ ತಿಂಗಳಿಗೊಂದು ಮ್ಯಾಗಜಿನ್, ಇಪ್ಪತ್ತನಾಲ್ಕು ಪುಟದ ಪಿಡಿಎಫ್. ಕನ್ನಡಕವಿಲ್ಲದೆ ಮೊಬೈಲಿನಲ್ಲಿ ಓದುವಂತೆ ಅಕ್ಷರ ದಪ್ಪ, ಪುಟ ಉದ್ದ. ಫೈಲು ಎಂಟು ಎಂಬಿ ದಾಟಿದರೆ ಪಂಚನಹಳ್ಳಿ ಕಡೆಯವರು “ಡೌನ್‌ಲೋಡೇ ಆಗಕ್ಕಿಲ್ಲ ಕಣ್ರೀ” ಎಂದು ಬೈಯುತ್ತಿದ್ದರು. ಬರೆಯುವವನು, ಪುಟ ಕಟ್ಟುವವನು, ಕರಡು ತಿದ್ದುವವನು, ಹಂಚುವವನು, ಎಲ್ಲ ಅವನೇ. ಒಂದನೇ ತಾರೀಕು ಬೆಳಿಗ್ಗೆ ಆರಕ್ಕೆ ಕಡೂರು, ತರೀಕೆರೆ, ಅಜ್ಜಂಪುರದ ಮೂರು ವಾಟ್ಸಾಪ್ ಗುಂಪುಗಳಿಗೆ ಬಿಡುತ್ತಿದ್ದ. ಅಲ್ಲಿಂದಾಚೆ ಅದು ಯಾರ್ಯಾರ ಮೊಬೈಲಿಗೆ ಹೋಗುತ್ತಿತ್ತೋ ಅವನಿಗೇ ತಿಳಿಯದು. ಒಮ್ಮೆ ಭದ್ರಾವತಿಯಿಂದ ಯಾರೋ ಫೋನು ಮಾಡಿ, ಬೇಸಿಗೆಯಲ್ಲಿ ಎರೆಹುಳು ಎಲ್ಲಿ ಅಗೆಯಬೇಕು ಎಂದು ಕೇಳಿದ್ದರು. ಆ ದಿನವಿಡೀ ವೇಣು ಎದೆಯುಬ್ಬಿಸಿಕೊಂಡು ಓಡಾಡಿದ್ದ.

ಎರಡನೇ ಪುಟದಲ್ಲಿ ಪ್ರತಿ ತಿಂಗಳೂ ಒಂದು ಚೌಕಟ್ಟು: “ಇಲ್ಲಿ ಗಾಳದ ಮೀನಿಗೆ ಮಾತ್ರ ಜಾಗ. ಬಲೆಯ ಮೀನು ಹಿಡಿದು ನಿಂತವರ ಫೋಟೊ ಬೇಡ. ಮರಿ ಕಾಯುವ ಮೀನಿಗೆ ಗಾಳ ಎಸೆದವರ ಹೆಸರೂ ಬೇಡ.” ಈ ಮಾತು ವೇಣುವಿನದಲ್ಲ, ಶಿವನಿಯ ಮುನಿಯಪ್ಪನವರದು. ರೈಲ್ವೆಯಲ್ಲಿ ಕೀಮನ್ ಆಗಿ ಮೂವತ್ತೈದು ವರ್ಷ ಕೀಲು ನೋಡುತ್ತ ಹಳಿಯ ಗುಂಟ ನಡೆದು ನಿವೃತ್ತರಾದವರು, ಎಪ್ಪತ್ತೊಂದು ವಯಸ್ಸು, ವೇಣು ಹುಟ್ಟಿ ಬೆಳೆದ ಕೇರಿಯವರೇ. ರಕ್ತಸಂಬಂಧ ಇಲ್ಲದಿದ್ದರೂ ವೇಣುವಿಗೆ ದೊಡ್ಡಪ್ಪ. ಹನ್ನೆರಡು ವರ್ಷದ ವೇಣುವನ್ನು ಊರಾಚೆಯ ಗಿರಿಯಮ್ಮನ ಕೆರೆಯ ದಡದಲ್ಲಿ ಕೂರಿಸಿಕೊಂಡು, ಬೆಂಡು ಅಲುಗಿದ ಕೂಡಲೇ ಎಳೆಯಬಾರದು, ಪೂರ್ತಿ ಮುಳುಗುವವರೆಗೆ ತಾಳಬೇಕು ಎಂದು ಕಲಿಸಿದವರು. ಅಪ್ಪನಿಲ್ಲದ ಮನೆಯ ಆ ಹುಡುಗನಿಗೆ ಸುಮ್ಮನೆ ಕೂರುವುದು ಹೇಗೆಂದು ಹೇಳಿಕೊಟ್ಟವರು ಅವರೊಬ್ಬರೇ.

ಮರಿ ಕಾಯುವ ಮೀನೆಂದರೆ ಕೊರಮೀನು. ಮುಂಗಾರಿನಲ್ಲಿ ಅದು ಮರಿ ಮಾಡುತ್ತದೆ. ಅಕ್ಕಿಕಾಳಿನಷ್ಟು ಸಣ್ಣ ಕೆಂಪು ಮರಿಗಳು ನೂರಾರು, ಒಂದು ಮುದ್ದೆಯಾಗಿ ನೀರಿನ ಮೇಲೆ ಮಿಸುಕಾಡುತ್ತಿರುತ್ತವೆ. ಅವುಗಳ ಕೆಳಗೆ ತಾಯಿಯ ಕಾವಲು. ಆಗ ಆ ತಾಯಿ ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತದೆ, ಹಸಿವಿಗಲ್ಲ, ಮರಿ ಕಾಯುವ ಸಿಟ್ಟಿಗೆ. ಅಂಥ ಮೀನನ್ನು ಹಿಡಿಯಲು ಯಾವ ಜಾಣತನವೂ ಬೇಕಿಲ್ಲ. ಅದಕ್ಕೇ ಈ ಸೀಮೆಯ ಮಾನವಂತರು ಕೆಂಪು ಮುದ್ದೆ ಕಂಡ ಕೂಡಲೇ ನೂಲು ಸುತ್ತಿಕೊಂಡು ಎದ್ದುಬಿಡುತ್ತಾರೆ.

‘ಮುನಿಯಪ್ಪನ ದಡ’ ಎಂಬ ಪುಟ ಮ್ಯಾಗಜಿನ್ನಿನಲ್ಲಿ ಎಲ್ಲರೂ ಮೊದಲು ತೆರೆಯುವ ಪುಟವಾಗಿತ್ತು. ಭಾನುವಾರ ಫೋನಿನಲ್ಲಿ ಅವರು ಹೇಳಿದ್ದನ್ನು ವೇಣು ‘ನಾನು’ ಎಂದೇ ಬರೆಯುತ್ತಿದ್ದ, ಮುನಿಯಪ್ಪನವರೇ ಎದುರು ಕೂತು ಮಾತಾಡಿದ ಹಾಗೆ. ಇತ್ತೀಚೆಗೆ ಆ ಪುಟ ತುಂಬುವುದೇ ಕಷ್ಟವಾಗಿತ್ತು. ಎರಡು ವರ್ಷದಿಂದ ಅವರ ಗಾಳಕ್ಕೆ ಹೇಳಿಕೊಳ್ಳುವಂಥ ಮೀನು ಬಿದ್ದಿರಲಿಲ್ಲ. ಕೈ ನಡುಗುತ್ತಿತ್ತು, ಹುಳು ಸಿಕ್ಕಿಸಲು ಮಗಳು ಪ್ರಜ್ಞಾಳನ್ನು ಕೂಗಬೇಕಾಗುತ್ತಿತ್ತು. “ಬಲೆ ಬಿಡ್ತಾವ್ರೆ ಕಣೋ, ಬಿಡಬಾರ್ದ ತಿಂಗ್ಳಲ್ಲಿ ಬಿಡ್ತಾವ್ರೆ” ಎಂದು ಅವರು ಹೇಳಿದಾಗಲೆಲ್ಲ ವೇಣು “ಹೂಂ ದೊಡ್ಡಪ್ಪ” ಎನ್ನುತ್ತಿದ್ದ. ಆ ಕೆರೆಯ ಮೀನಿನ ಟೆಂಡರು ಸುದೀಪ್ ಎಂಬಾತನದು. ಜೂನ್, ಜುಲೈ ಎರಡು ತಿಂಗಳು ಬಲೆ ಇಳಿಸಬಾರದೆಂದು ಟೆಂಡರಿನ ಷರತ್ತಿನಲ್ಲೇ ಇದೆ. ಷರತ್ತೇ ಇರುವಾಗ ಬಲೆ ಹೇಗೆ ಇಳಿಯುತ್ತದೆ, ಪಾಪ, ಮೀನು ಸಿಗದಿದ್ದರೆ ಏನಾದರೊಂದು ಕಾರಣ ಬೇಕಲ್ಲ ಎಂದು ವೇಣು ಮರುಗುತ್ತಿದ್ದ. ಒಮ್ಮೆ ಕೆರೆಯ ತನಕ ಹೋಗಿ ನೋಡಿ ಬರುವುದಕ್ಕಿಂತ ಕೂತಲ್ಲೇ ಮರುಗುವುದು ಅವನಿಗೆ ಸುಲಭವಾಗಿತ್ತು.

ಜುಲೈ ತಿಂಗಳ ಮಧ್ಯೆ ಕಡೂರಿನ ಗುಂಪಿನಲ್ಲಿ ಗೊಬ್ಬರದಂಗಡಿಯ ರೇಣುಕಪ್ರಸಾದ್ ಬರೆದರು: “ಸಂಪಾದಕರೇ, ನಿಮ್ಮ ಗುರುಗಳು ಈಗ ಮೀನು ಹಿಡೀತಾರೋ, ಕೆರೆ ಕಾಯ್ತಾರೋ?” ಅದರ ಕೆಳಗೆ ನಗುವ ಗೊಂಬೆಗಳ ಸಾಲು. ರೇಣುಕಪ್ರಸಾದ್ ಕೆಟ್ಟವರಲ್ಲ, ನಾಲಿಗೆ ಸ್ವಲ್ಪ ಉದ್ದ ಅಷ್ಟೆ. ಆದರೂ ವೇಣುವಿಗೆ ಅಂದು ಊಟ ಸೇರಲಿಲ್ಲ. ದೊಡ್ಡಪ್ಪನಿಗೆ ಒಂದೇ ಒಂದು ದೊಡ್ಡ ಮೀನು ಬೀಳಲಿ, ಅವರ ಹೆಸರು ಉಳಿಯಲಿ ಎಂದು ಅವನು ನಿಜವಾಗಿಯೂ ಬೇಡಿಕೊಂಡ.

ತಿಂಗಳ ಕೊನೆಯ ಮಂಗಳವಾರ ಮಧ್ಯಾಹ್ನ ಪ್ರಜ್ಞಾಳ ನಂಬರಿನಿಂದ ಒಂದು ಫೋಟೊ ಬಂತು, ಜೊತೆಗೆ ನಾಲ್ಕು ನಿಮಿಷದ ಒಂದು ವಾಯ್ಸ್ ಮೆಸೇಜು. ಫೋಟೊದಲ್ಲಿ ಮುನಿಯಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ಎರಡೂ ಕೈಯಲ್ಲಿ ಒಂದು ಕೊರಮೀನನ್ನು ಎತ್ತಿ ಹಿಡಿದಿದ್ದರು. ಎಂಥ ಮೀನು! ತೋಳಿಗಿಂತ ಉದ್ದ, ಮೈಮೇಲೆ ಕಪ್ಪು ಪಟ್ಟೆ, ಕಂಬಳಿ ಸುತ್ತಿಟ್ಟ ಹಾಗಿತ್ತು. ವೇಣು ಕುರ್ಚಿಯಿಂದ ಎದ್ದೇಬಿಟ್ಟ. ಫ್ಲೆಕ್ಸ್ ಮಿಷನ್ನಿನ ಸದ್ದಿನಲ್ಲಿ ಮೊಬೈಲನ್ನು ಕಿವಿಗೊತ್ತಿಕೊಂಡು ಮೆಸೇಜು ಕೇಳತೊಡಗಿದ. “ವೇಣು, ನಾನ್ ಕಣಪ್ಪ, ಮುನಿಯಪ್ಪ. ಇದನ್ನ ಈ ಸಲದ ಪುಸ್ತಕದಾಗೆ ಹಾಕು. ದೊಡ್ಡದಾಗ್ ಹಾಕು, ಎಲ್ರಿಗೂ ಕಾಣಂಗೆ.” ಅಷ್ಟರಲ್ಲಿ ಯಾರೋ ಬ್ಯಾನರಿನ ಅಳತೆ ಕೇಳಿದರು, ನಿಲ್ಲಿಸಿದ.

ಅವರನ್ನು ಕಳುಹಿಸಿ ಫೋಟೊವನ್ನು ಕಂಪ್ಯೂಟರಿಗೆ ಹಾಕಿಕೊಂಡ. ಮುಖಪುಟಕ್ಕೆ ಅಂತ ಅಳತೆ ದೊಡ್ಡದು ಮಾಡುತ್ತಾ ಹೋದ. ನೂರು, ಇನ್ನೂರು, ನಾನೂರು ಪರ್ಸೆಂಟು. ಮೀನಿನ ಕಿವಿರಿನ ಹಿಂದೆ, ಕುತ್ತಿಗೆ ಸುತ್ತ, ದಾರ ಬಿಗಿದ ಗೆರೆ ಕಂಡಿತು. ಬೆನ್ನಿನ ಮೇಲೆ ಹುರುಪೆ ಕಿತ್ತು, ಚೌಕ ಚೌಕವಾಗಿ ನೂಲಿನ ಗುರುತು. ತುಟಿಯಲ್ಲಿ ಗಾಳ ಚುಚ್ಚಿದ ತೂತು ಎಲ್ಲೂ ಇಲ್ಲ. ಮುನಿಯಪ್ಪನ ಹಿಂದೆ ದಡದಲ್ಲಿ ಬಲೆಯ ಕುಪ್ಪೆ ಬಿದ್ದಿತ್ತು, ಅದಕ್ಕೆ ತೇಲಲು ಕಟ್ಟಿದ ಹಳದಿ ಕ್ಯಾನುಗಳು, ಕ್ಯಾನಿಗೆ ಕೆಂಪು ಬಣ್ಣದ ಪಟ್ಟಿ. ಬಲೆಯ ಮೀನು.

ವೇಣುವಿನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಮೊದಲು ಬಂದದ್ದು ಸಿಟ್ಟು, ಆಮೇಲೆ ನಾಚಿಕೆ, ಕೊನೆಗೆ ಅಳು. ಬಲೆಯವರ ಹತ್ತಿರ ಇಸಕೊಂಡು ನಿಂತಿದ್ದಾರೆ, ಪಕ್ಕದ ಬಲೆಯನ್ನು ಸರಿಸಿ ನಿಲ್ಲಬೇಕೆಂಬ ಬುದ್ಧಿಯೂ ಇಲ್ಲದೆ. ಆ ರೇಣುಕಪ್ರಸಾದ್ ಮಾತು ಇವರಿಗೂ ಮುಟ್ಟಿರಬೇಕು. ಯಾವ ಮನುಷ್ಯ ಎರಡನೇ ಪುಟದ ಆ ಚೌಕಟ್ಟು ಬರೆಸಿದನೋ ಅವನನ್ನು ಊರಿನ ಬಾಯಿ ಈ ಗತಿಗೆ ತಂದಿತಲ್ಲ ಎಂದುಕೊಂಡ. ವಾಯ್ಸ್ ಮೆಸೇಜಿನಲ್ಲಿ ಇನ್ನೂ ಮೂರು ನಿಮಿಷ ಚಿಲ್ಲರೆ ಬಾಕಿ ಇತ್ತು. ಅದರಲ್ಲಿ ಏನಿರುತ್ತದೆಂದು ಕೇಳದೆಯೂ ಗೊತ್ತು: ಹೇಗೆ ಕಚ್ಚಿತು, ಹೇಗೆ ಎಳೆಯಿತು. ದೊಡ್ಡಪ್ಪ ಸುಳ್ಳು ಹೇಳುವುದನ್ನು ಅವರದೇ ದನಿಯಲ್ಲಿ ಕೇಳುವ ಧೈರ್ಯ ವೇಣುವಿಗೆ ಬರಲಿಲ್ಲ. ಅದರ ಬದಲು ಆ ಸುಳ್ಳನ್ನು ತಾನೇ ಹೇಳಿಬಿಡುವುದು ಅವನಿಗೆ ಮೇಲೆನಿಸಿತು.

ಮುಂದಿನ ಎರಡು ಗಂಟೆ ಅವನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತ. ಬ್ರಷ್ಷನ್ನು ಸಣ್ಣದು ಮಾಡಿ ಒಂದೊಂದೇ ಹುರುಪೆ ಕಟ್ಟಿದ. ಕುತ್ತಿಗೆಯ ಗೆರೆಯ ಮೇಲೆ ಮೀನಿನದೇ ಬೇರೆ ಕಡೆಯ ಚರ್ಮ ತಂದು ಹೊದಿಸಿದ. ತುಟಿಯಲ್ಲಿ ಒಂದು ತೂತು ಕೊರೆದ. ದಡದ ಬಲೆ ಹೋಗಿ ಹುಲ್ಲಾಯಿತು, ಹಳದಿ ಕ್ಯಾನುಗಳು ಹೋಗಿ ಕಲ್ಲಾದವು. ಮುನಿಯಪ್ಪನ ಮುಖ ಬಾಡಿದ ಹಾಗಿತ್ತು, ಇಷ್ಟು ದೊಡ್ಡ ಮೀನು ಹಿಡಿದವನ ಮುಖ ಅದಲ್ಲ. ಕೈ ತಾನಾಗಿಯೇ ಹೋಗಿ ತುಟಿಯ ಕೊನೆಗಳನ್ನು ಕೂದಲೆಳೆಯಷ್ಟು ಮೇಲಕ್ಕೆಳೆಯಿತು. ನೀರು ಮಂಕಾಗಿತ್ತು, ಬಣ್ಣ ಏರಿಸಿದ. ಮೊಣಕಾಲಿನ ಸುತ್ತ ನೀರಿನಲ್ಲಿ ಕೆಂಪು ಚುಕ್ಕಿಗಳು ಎದ್ದವು. ಅಗ್ಗದ ಮೊಬೈಲಿನ ಕ್ಯಾಮೆರಾದಲ್ಲಿ ಹೀಗಾಗುತ್ತದೆ, ಪರವಾಗಿಲ್ಲ, ನೀರಿಗೆ ಒಂದು ಕಳೆ ಬಂತು ಎಂದು ಹಾಗೇ ಬಿಟ್ಟ.

‘ಮುನಿಯಪ್ಪನ ದಡ’ವನ್ನು ಅಂದು ಅವನು ಬರೆದಷ್ಟು ಚೆನ್ನಾಗಿ ಹಿಂದೆಂದೂ ಬರೆದಿರಲಿಲ್ಲ. “ಬೆಂಡು ಒಮ್ಮೆ ಅಲುಗಿತು. ನಾನು ಎಳೆಯಲಿಲ್ಲ. ಎರಡನೇ ಸಲ ಅಲುಗಿತು. ಆಗಲೂ ಎಳೆಯಲಿಲ್ಲ.” ನಲವತ್ತು ನಿಮಿಷದ ಜಗ್ಗಾಟ. ಕಾಲ ಮುಂಗಾರಿನದಾದ್ದರಿಂದ ಯಾರೂ ಬೆರಳು ತೋರಿಸದಿರಲೆಂದು ಒಂದು ವಾಕ್ಯವನ್ನೂ ಸೇರಿಸಿದ: “ಸುತ್ತ ಮರಿಗಳಿಲ್ಲ ಎಂದು ನೋಡಿಕೊಂಡೇ ಗಾಳ ಎಸೆದೆ.” ಮುಖಪುಟದ ಮೇಲೆ ದಪ್ಪಕ್ಷರದಲ್ಲಿ ‘ಗಿರಿಯಮ್ಮನ ಕೆರೆಯ ಯಜಮಾನ’ ಎಂದು ಹಾಕಿದ. ಇಪ್ಪತ್ತೆರಡು ವರ್ಷದ ಋಣದಲ್ಲಿ ಒಂದು ಚೂರಾದರೂ ತೀರಿತು ಎನಿಸಿತು.

ಆಗಸ್ಟ್ ಒಂದು, ಶುಕ್ರವಾರ, ಬೆಳಿಗ್ಗೆ ಆರಕ್ಕೆ ‘ಬೆಂಡು’ ಹೊರಟಿತು. ಆರೂವರೆಗೆ ರೇಣುಕಪ್ರಸಾದ್ ಕೈಮುಗಿದ ಗೊಂಬೆ ಹಾಕಿದರು: “ತಪ್ಪಾಯ್ತು ಗುರುಗಳೇ. ಮುಂದಿನ ಕೂಟದಲ್ಲಿ ನನ್ನ ಕೈಯಿಂದಲೇ ಶಾಲು.” ತರೀಕೆರೆಯ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಜನ ಶಹಬ್ಬಾಸ್ ಹೇಳಿದರು. ಅಮೃತಾಪುರದ ಒಬ್ಬರು ಮುಖಪುಟವನ್ನು ತಮ್ಮ ಸ್ಟೇಟಸ್ಸಿಗೆ ಹಾಕಿಕೊಂಡರು. ವೇಣು ಟೀ ಕುಡಿಯುತ್ತ ಒಂದೊಂದನ್ನೇ ಓದಿ ಸುಖಪಟ್ಟ. ಎಂಟು ಗಂಟೆಗೆ ಪಂಚನಹಳ್ಳಿಯ ತೀರ್ಥಪ್ಪ ಒಂದೇ ಸಾಲು ಬರೆದರು. ಮುನಿಯಪ್ಪನ ಜೊತೆ ನಲವತ್ತು ವರ್ಷ ದಡ ಹಂಚಿಕೊಂಡವರು ಅವರು, ಗುಂಪಿನಲ್ಲಿ ಬಾಯಿ ತೆರೆದದ್ದೇ ಅಪರೂಪ.

“ಮುನಿಯ, ಮರಿ ಇದ್ವಲ್ಲೋ.”

ವೇಣುವಿಗೆ ಅರ್ಥವಾಗಲಿಲ್ಲ. ಮುಖಪುಟವನ್ನು ಮತ್ತೆ ತೆರೆದು ನೋಡಿದ. ಮುನಿಯಪ್ಪನ ಮೊಣಕಾಲಿನ ಸುತ್ತ, ಅವನೇ ಬಣ್ಣ ಏರಿಸಿದ ನೀರಿನಲ್ಲಿ, ಕೆಂಪು ಚುಕ್ಕಿಗಳು. ನಾನೂರು ಪರ್ಸೆಂಟಿನಲ್ಲಿ ಮೀನಿನ ಹುರುಪೆ ಎಣಿಸಿದವನು ಅವುಗಳ ಮೇಲೆ ಕಣ್ಣಿಟ್ಟಿರಲಿಲ್ಲ. ಈಗ ಕಣ್ಣಿಟ್ಟ. ಒಂದೊಂದು ಚುಕ್ಕಿಗೂ ಬಾಲವಿತ್ತು.

ಅಷ್ಟರಲ್ಲಿ ಪ್ರಜ್ಞಾಳ ಫೋನು. ಅವಳು ಆಶಾ ಕಾರ್ಯಕರ್ತೆ, ಬೆಳಗಿನ ಹೊತ್ತು ಮನೆಮನೆ ಸುತ್ತುತ್ತಿರುತ್ತಾಳೆ. “ಅಣ್ಣ, ಅಪ್ಪ ಕಳ್ಸಿದ್ದು ಪೂರ್ತಿ ಕೇಳಿದ್ರಾ?” ಎಂದಳು. ದನಿಯಲ್ಲಿ ಜಗಳವಿರಲಿಲ್ಲ. “ಕೇಳಿ ಅಣ್ಣ. ಕೇಳಿ ಆಮೇಲೆ ಫೋನ್ ಮಾಡಿ” ಎಂದು ಇಟ್ಟುಬಿಟ್ಟಳು.

ವೇಣು ಮಿಷನ್ನು ಆರಿಸಿ, ಬಾಗಿಲಲ್ಲಿ ನಿಂತು, ನಿಲ್ಲಿಸಿದ್ದ ಕಡೆಯಿಂದ ಕೇಳಿದ.

“ಬೆಳಗಾಗ ಹೊತ್ಗೆ ಹೋಗಿದ್ದೆ ಕಣಪ್ಪ. ಹಳ್ಳ ಬಂದು ಕೆರೆಗ್ ಸೇರೋ ತಾವ ಬಲೆ ಬಿಟ್ಟವ್ರೆ. ಈ ತಾಯಿ ಸಿಕ್ಕಾಕ್ಕಂಡಿತ್ತು. ಮರಿಗಳು ಬಿಟ್ ಹೋಗಿಲ್ಲ ಕಣೋ, ಅಲ್ಲೇ ಸುತ್ತಾ ಇದ್ವು. ಬಲೆ ದಡಕ್ಕೆ ಎಳ್ಕಂಡು, ಬ್ಲೇಡ್ ತಗಂಡು ನೂಲು ಕುಯ್ದು ಬಿಡುಸ್ದೆ. ಪ್ರಜ್ಞಾ ಬಂದು ಫೋಟೊ ತೆಗುದ್ಲು. ಕುತ್ಗೆ ಮೇಲಿನ ಗೆರೆ ಚೆನ್ನಾಗ್ ಕಾಣ್ಬೇಕು. ಹಿಂದೆ ಹಳದಿ ಕ್ಯಾನ್ ಐತೆ ನೋಡು, ಕೆಂಪು ಪಟ್ಟಿ ಬಳ್ದಿರೋದು, ಅದು ಸುದೀಪಂದೇ, ಕೆರೆ ಕಡೆ ಎಲ್ರಿಗೂ ಗೊತ್ತು. ಅದೂ ಕಾಣ್ಬೇಕು. ಸೋಮವಾರ ಪಂಚಾಯ್ತೀಲಿ ಟೆಂಡರ್ ಮೀಟಿಂಗ್ ಐತೆ, ಇನ್ನೈದು ವರ್ಸಕ್ಕೆ ಕೊಡ್ತಾರಂತೆ. ಆಫೀಸರು ಬತ್ತಾರೆ. ನಾನ್ ಬಾಯಲ್ಲೇಳಿದ್ರೆ ಯಾರೂ ನಂಬಲ್ಲ ಕಣೋ. ವಯಸ್ಸಾಯ್ತು, ಮೀನ್ ಸಿಗಲ್ಲ, ಅದ್ಕೆ ಹೊಟ್ಟೆಉರಿ ಅಂತಾರೆ. ನಿನ್ ಪುಸ್ತಕದಾಗೆ ಬಂದ್ರೆ ನಂಬ್ತಾರೆ. ಅದ್ರಾಗೆ ಸುಳ್ಳು ಬರಲ್ಲ ಅಂತ ಎಲ್ರಿಗೂ ಗೊತ್ತಲ್ಲ.” ಕೊನೆಯಲ್ಲಿ ಇಷ್ಟು: “ಫೋಟೊ ಆದ್ಮೇಲೆ ನೀರಿಗೆ ಬಿಟ್ಟೆ. ಮಗ್ಗುಲಾಗೋಯ್ತು. ಎತ್ತಿ ಹಿಡ್ಕಂಡೇ ನಿಂತಿದ್ದೆ, ಸುಮಾರ್ ಹೊತ್ತು. ಏಳ್ಲಿಲ್ಲ.”

ವೇಣು ಬಾಗಿಲ ಮೆಟ್ಟಿಲ ಮೇಲೆ ಕೂತ. ದೊಡ್ಡಪ್ಪನ ಬಾಯಲ್ಲಿ ಸುಳ್ಳು ಬರುತ್ತದೆಂದು ನಂಬಲು ಅವನಿಗೆ ಒಂದು ನಿಮಿಷವೂ ಹಿಡಿದಿರಲಿಲ್ಲ. ಬಲೆ ಬಿಡುತ್ತಿದ್ದಾರೆಂದು ಎರಡು ವರ್ಷದಿಂದ ಆ ಮನುಷ್ಯ ಹೇಳಿದ್ದನ್ನು ಒಂದು ದಿನವೂ ನಂಬಿರಲಿಲ್ಲ. ಬೆಂಡು ಅಲುಗಿದ ಕೂಡಲೇ ಎಳೆಯಬೇಡ ಎಂಬ ಮೊದಲ ಪಾಠವನ್ನೇ ಮರೆತು ಎಳೆದುಬಿಟ್ಟಿದ್ದ.

ಮೂರೂ ಗುಂಪುಗಳಲ್ಲಿ ಆ ಸಂಚಿಕೆಯನ್ನು ಹೇಗೋ ಅಳಿಸಿದ. ಗುಂಪುಗಳಿಂದ ಹೋಯಿತು, ಲೋಕದಿಂದ ಹೋಗಲಿಲ್ಲ. ಆಗಲೇ ಅದು ಬೀರೂರು, ಹೊಸದುರ್ಗ, ಎಲ್ಲೆಲ್ಲೋ ಅಲೆಯುತ್ತಿತ್ತು, ಅಳಿಸಿದ ಮೇಲೂ ಕಡೂರಿನಿಂದ ಒಬ್ಬರು ಅವನಿಗೇ ಅದನ್ನು ಕಳುಹಿಸಿ “ನೋಡಿದ್ರಾ?” ಎಂದು ಕೇಳಿದರು. ಮಧ್ಯಾಹ್ನದೊಳಗೆ ಪ್ರಜ್ಞಾ ಕಳಿಸಿದ ಫೋಟೊವನ್ನು ಇದ್ದ ಹಾಗೆಯೇ ಹಾಕಿ, ಮುನಿಯಪ್ಪ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ತಪ್ಪು ನನ್ನದು ಎಂದು ಮೇಲೆ ದಪ್ಪಗೆ ಹಾಕಿ, ಹೊಸ ‘ಬೆಂಡು’ ಬಿಟ್ಟ. ಅದನ್ನು ತೆರೆದವರು ಮೊದಲನೆಯದರ ಅರ್ಧವೂ ಇರಲಿಲ್ಲ. ತೆರೆದವರು ಬರೆದದ್ದು ಇದು: “ಮೊದ್ಲಿಂದೇ ಚೆನ್ನಾಗಿತ್ತು.” “ಯಾರೋ ಹೆದರಿಸಿರಬೇಕು.” “ಈ ಗೆರೆ ಎಲ್ಲ ಎಡಿಟಿಂಗು, ವೇಣು ಕೈಗೆ ಇದೇನು ದೊಡ್ಡ ಕೆಲಸವೇ?” ಬಂದ ಶಹಬ್ಬಾಸ್‌ಗಳೆಲ್ಲ ಸುಳ್ಳಿಗೆ ಸಂದವು, ನಿಜಕ್ಕೆ ಅನುಮಾನ ಮಾತ್ರ ಉಳಿಯಿತು. ವೇಣು ಪ್ರತಿಯೊಬ್ಬರಿಗೂ ಉತ್ತರ ಬರೆದ. ಬರೆದಷ್ಟೂ ಅನುಮಾನ ಹೆಚ್ಚಾಯಿತು. ಸಂಜೆ ಪ್ರಜ್ಞಾಳಿಗೆ ಫೋನು ಮಾಡಿ, ಮೊಬೈಲಿನಲ್ಲಿ ತೆಗೆದ ಮೂಲ ಫೋಟೊ ಇದೆಯೇ ಎಂದು ಕೇಳಿದ.

“ನಮ್ ಇಲಾಖೆ ಆ್ಯಪ್ಪಿಗೆ ಜಾಗ ಇರ್ಲಿಲ್ಲ ಅಣ್ಣ. ನಿಮ್ ಹತ್ರ ಇರುತ್ತಲ್ಲ ಅಂತ ಡಿಲೀಟ್ ಮಾಡ್ಬಿಟ್ಟೆ.”

ಸೋಮವಾರ ಪಂಚಾಯಿತಿಯ ಸಭಾಂಗಣದಲ್ಲಿ ಮೂವತ್ತು ಜನ ಸೇರಿದ್ದರು. ಮುನಿಯಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ವೇಣು ಹೋಗಿ ಪಕ್ಕದಲ್ಲಿ ಕೂತಾಗ ಸ್ವಲ್ಪ ಸರಿದು ಜಾಗ ಕೊಟ್ಟರು. ಸರದಿ ಬಂದಾಗ ವೇಣು ಎದ್ದುನಿಂತು ಎಲ್ಲ ಹೇಳಿದ. ಹೇಗೆ ಹುರುಪೆ ಕಟ್ಟಿದೆ, ಹೇಗೆ ಕ್ಯಾನು ಅಳಿಸಿದೆ, ಬರೆದದ್ದೆಲ್ಲ ಹೇಗೆ ಕಟ್ಟುಕತೆ ಎಂದು, ಒಂದನ್ನೂ ಬಿಡದೆ. ಮೊಬೈಲಿನಲ್ಲಿ ಬಂದ ಫೋಟೊ ತೋರಿಸಿದ, ವಾಯ್ಸ್ ಮೆಸೇಜು ಕೇಳಿಸಿದ. ಮೀನುಗಾರಿಕೆ ಇಲಾಖೆಯಿಂದ ಬಂದಿದ್ದ ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಎಲ್ಲವನ್ನೂ ತಾಳ್ಮೆಯಿಂದ ನೋಡಿದರು.

ಸುದೀಪ್ ದನಿ ಏರಿಸಲೂ ಇಲ್ಲ. “ಸಾರ್, ವೇಣು ಅವ್ರು ನಮ್ಮ ಅಣ್ಣನ ಬ್ಯಾನರಲ್ಲಿ ಇಲ್ದಿರೋ ಕೂದ್ಲು ತರಿಸವ್ರೆ ಸಾರ್. ಅಳಿಸೋಕೆ ಬರೋರಿಗೆ ಬರೆಯೋಕೆ ಬರಲ್ವಾ?” ಎಂದ. ಸಭೆ ನಕ್ಕಿತು. ಆಮೇಲೆ ತನ್ನ ಮೊಬೈಲಿನಲ್ಲಿ ‘ಮುನಿಯಪ್ಪನ ದಡ’ ತೆಗೆದು ಓದಿದ. “ಬೆಂಡು ಒಮ್ಮೆ ಅಲುಗಿತು. ನಾನು ಎಳೆಯಲಿಲ್ಲ.” ವೇಣು ಬರೆದಿದ್ದ ಆ ಚಂದದ ವಾಕ್ಯಗಳು ಒಂದೊಂದಾಗಿ ಸುದೀಪನ ಬಾಯಿಂದ ಬಂದವು, ಕೊನೆಗೆ ಮುನಿಯಪ್ಪನ ಹೆಸರು. “ಇದು ಅವ್ರೇ ಹೇಳಿರೋದು ಸಾರ್. ಮರಿ ಇರ್ಲಿಲ್ಲ ಅಂತಾರೆ, ಫೋಟೊ ನೋಡಿ, ಕಾಲ್ ಸುತ್ತ ಮರಿ. ಮರಿ ಮಾಡೋ ತಿಂಗ್ಳಲ್ಲಿ ತಾಯಿ ಮೀನಿಗೆ ಗಾಳ ಹಾಕಿ ನಗ್ತಾ ನಿಂತವ್ರೆ. ನಮ್ಮ ಮೇಲೆ ದೂರು ಬೇರೆ.”

ಸಭೆ ಈಗ ನಗಲಿಲ್ಲ. ಕೆರೆಯ ಅಕ್ಕಪಕ್ಕದವರು, ಕೆಂಪು ಮುದ್ದೆಯ ವಿಷಯ ಬಲ್ಲವರು, ಒಬ್ಬೊಬ್ಬರಾಗಿ ತಿರುಗಿ ಹಿಂದಿನ ಬೆಂಚು ನೋಡಿದರು. ಮುನಿಯಪ್ಪ ಎದ್ದುನಿಂತರು. “ಬಲೇಲಿತ್ತು ಸ್ವಾಮಿ” ಎಂದರು. ಅಷ್ಟೇ ಹೇಳಲು ಆಯಿತು, ಮತ್ತೆ ಕೂತರು.

“ಬಲೆ ಎಲ್ಲಿದೆ?” ಎಂದು ಅಧಿಕಾರಿ ಕೇಳಿದರು. ಬಲೆ ಮಂಗಳವಾರ ಮಧ್ಯಾಹ್ನವೇ ಮಾಯವಾಗಿತ್ತು. ಅವರು ಪೆನ್ನನ್ನು ಬೆರಳುಗಳ ನಡುವೆ ತಿರುಗಿಸುತ್ತ ವೇಣುವಿನ ಕಡೆ ನೋಡಿದರು. “ನಿಮ್ಮ ಮಾತು ನಿಜ ಇರಬಹುದು. ಆದರೆ ಇದೂ ಫೋಟೊ, ಅದೂ ಫೋಟೊ. ದನಿ ದೂರು ಕೊಟ್ಟವರದೇ, ತೆಗೆದ ಮೊಬೈಲಿನಲ್ಲಿ ಮೂಲ ಫೋಟೊ ಇಲ್ಲ, ಎರಡೂ ನಿಮ್ಮ ಕೈಯಿಂದಲೇ ಬಂದಿವೆ. ಸುಳ್ಳು ಮಾಡುತ್ತೇನೆ ಎಂದು ನೀವೇ ಒಪ್ಪಿಕೊಳ್ಳುತ್ತಿದ್ದೀರಿ. ನಾನು ಯಾವುದನ್ನು ಬರೆದುಕೊಳ್ಳಲಿ?”

ವೇಣು ಇನ್ನೂ ಜೋರಾಗಿ ಹೇಳಿದರೆ ಇನ್ನೂ ದೊಡ್ಡ ಸುಳ್ಳುಗಾರನಾಗಿ ಕಾಣುತ್ತಾನೆ, ಸುಮ್ಮನಿದ್ದರೆ ಒಪ್ಪಿಕೊಂಡ ಹಾಗಾಗುತ್ತದೆ. ಅವನು ನಿಂತೇ ಇದ್ದ. ಯಾರೋ ಅಂಗಿ ಹಿಡಿದು ಕೆಳಗೆ ಕೂರಿಸಿದರು, ನೋಡಿದರೆ ಮುನಿಯಪ್ಪ. ಮಧ್ಯಾಹ್ನ ಎರಡಕ್ಕೆ ಕೆರೆ ಇನ್ನೈದು ವರ್ಷಕ್ಕೆ ಸುದೀಪನಿಗೆ ಹೋಯಿತು.

ಆ ವಾರವೆಲ್ಲ ವೇಣು ಶಿವನಿ ಊರಿಗೆ ಹೋಗುವ ಬಸ್ಸು ನೋಡಿದಾಗಲೆಲ್ಲ ಮುಖ ತಿರುಗಿಸಿದ. ತೀರ್ಥಪ್ಪ ಗುಂಪು ಬಿಟ್ಟರು. ಅವರಿಗೆ ಫೋನು ಮಾಡಿ ಎಲ್ಲ ವಿವರಿಸಿದರೆ “ಆಯ್ತು ಬಿಡಪ್ಪ” ಎಂದರು. ನಂಬಿ ಹೇಳಿದರೋ, ಮಾತು ಮುಗಿಸಲು ಹೇಳಿದರೋ ತಿಳಿಯಲಿಲ್ಲ. ಸೆಪ್ಟೆಂಬರಿನ ‘ಬೆಂಡು’ ಬರಲಿಲ್ಲ. ಎರಡನೇ ಪುಟದ ಚೌಕಟ್ಟಿನಲ್ಲಿ ಏನು ಬರೆಯಬೇಕೆಂದು ಅವನಿಗೆ ಹೊಳೆಯಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಹುಲಿಯಮ್ಮ, ಮುನಿಯಪ್ಪನ ಹೆಂಡತಿ, ಫೋನು ಮಾಡಿದರು. “ನಿಮ್ ದೊಡ್ಡಪ್ಪ ಕೋಲೂ ಇಲ್ದೆ ಬರಿಗೈಲಿ ಹೋಗಿ ಕೆರೆ ತಾವ ಕೂತ್ಕತ್ತಾರೆ ಕಣಪ್ಪ ದಿನಾ. ಊಟಕ್ಕೂ ಬರಲ್ಲ. ನೀನಾದ್ರೂ ಒಂದ್ಸಲ ಬಾ.” ವೇಣು ಬೈಕ್ ಹತ್ತಿದ.

ಕೆರೆ ಏರಿಯ ತಿರುವಿನಲ್ಲೇ ಬೈಕ್ ನಿಲ್ಲಿಸಿಬಿಟ್ಟ. ಏರಿಯ ಮೇಲೆ, ಎರಡು ಗಳು ನೆಟ್ಟು, ಹನ್ನೆರಡು ಅಡಿಯ ಫ್ಲೆಕ್ಸು ಕಟ್ಟಿದ್ದರು. ‘ಮೀನು ಮರಿ ಬಿತ್ತನೆ ಕಾರ್ಯಕ್ರಮ. ಗಿರಿಯಮ್ಮನ ಕೆರೆ: ಮೀನಿಗೆ ಬರವಿಲ್ಲ.’ ಒಂದು ಕಡೆ ಕೈಮುಗಿದ ಸುದೀಪ್. ಇನ್ನೊಂದು ಕಡೆ ವೇಣುವಿನದೇ ಮುಖಪುಟ, ಬೇರೆ ಯಾರೋ ಕತ್ತರಿಸಿ ಹಾಕಿದ್ದು: ಹೊಳೆಯುವ ನೀರು, ಒಂದು ಗೀರೂ ಇಲ್ಲದ ಕೊರಮೀನು, ಮೊಣಕಾಲಿನ ಸುತ್ತ ಕೆಂಪು ಮರಿಗಳು, ನಗುವ ಮುನಿಯಪ್ಪ. ಅಳತೆ ದೊಡ್ಡದಾದ್ದರಿಂದ ನಗುವೂ ದೊಡ್ಡದಾಗಿತ್ತು.

ಅದರ ಕೆಳಗೆ, ಇಳಿಜಾರಿನ ಕಲ್ಲಿನ ಮೇಲೆ, ಮುನಿಯಪ್ಪ ಕೂತಿದ್ದರು. ವೇಣು ಫ್ಲೆಕ್ಸಿನ ಹಗ್ಗಕ್ಕೆ ಕೈ ಹಾಕಿದ.

“ಬಿಡು, ಕೀಳ್ಬೇಡ” ಎಂದರು ಅವರು, ತಿರುಗದೆಯೇ. “ಅವ್ರು ಇನ್ನೊಂದು ಹಾಕ್ತಾರೆ. ಬಾ, ಕೂತ್ಕೊ.”

ವೇಣು ಕೆಳಗಿಳಿದು ಅವರ ಪಕ್ಕದಲ್ಲಿ ಕೂತ. ಹಳ್ಳ ಸೇರುವ ಕಡೆ ಹಳದಿ ಕ್ಯಾನುಗಳು ಸಾಲಾಗಿ ತೇಲುತ್ತಿದ್ದವು. ಈಗ ಬಲೆ ಬಿಡುವ ತಿಂಗಳು, ಯಾರೂ ಕೇಳುವಂತಿಲ್ಲ. ಅವುಗಳನ್ನು ನೋಡುತ್ತಲೇ ವೇಣು, “ನನ್ ಮೇಲೆ ಸಿಟ್ಟಿಲ್ವಾ ದೊಡ್ಡಪ್ಪ?” ಎಂದು ಕೇಳಿದ.

“ಕೆರೆ ಹೋಗಿದ್ದು ನಿನ್ನೊಬ್ಬನಿಂದ ಅಲ್ಲ ಕಣೋ. ನೀನ್ ಸರಿಯಾಗ್ ಹಾಕಿದ್ರೂ ಕೊಡ್ತಿದ್ರೇನೋ. ಗೆರೆ ಅಳಿಸ್ದೆ, ಅದೂ ಹೋಗ್ಲಿ. ನಾನು ಸುಳ್ಳು ಹೇಳ್ತೀನಿ ಅಂದ್ಕಂಡೆ, ನನ್ ಮಾನ ಉಳಿಸಕ್ಕೆ ಹೋದೆ. ತಿಳೀತು ನಂಗೆ.” ಮುನಿಯಪ್ಪ ಕತ್ತೆತ್ತಿ ಫ್ಲೆಕ್ಸಿನ ಕಡೆ ಒಮ್ಮೆ ನೋಡಿ ಮತ್ತೆ ನೀರಿನ ಕಡೆ ತಿರುಗಿದರು. “ಅವತ್ತು ಅದು ನನ್ ಕೈಲೇ ಸಾಯ್ತಿತ್ತು. ನಾನ್ ಅಳ್ತಿದ್ದೆ ಕಣೋ ವೇಣು. ನನ್ ಮುಖ ಯಾಕಪ್ಪ ನಗಿಸ್ದೆ?”

ವೇಣು ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಗಾಳಿಗೆ ಮೇಲೆ ಫ್ಲೆಕ್ಸು ಪಟಪಟ ಬಡಿದುಕೊಳ್ಳುತ್ತಿತ್ತು. ಇಬ್ಬರೂ ನೀರು ನೋಡುತ್ತ ಕತ್ತಲಾಗುವ ತನಕ ಅಲ್ಲೇ ಇದ್ದರು, ಆಮೇಲೆ ಹುಲಿಯಮ್ಮ ಕಾಯುತ್ತಿರುತ್ತಾರೆಂದು ಎದ್ದು ಬೈಕಿನಲ್ಲಿ ಊರಿಗೆ ಹೋದರು.